ಪರಿಸರ ಆದರ್ಶ ಮತ್ತು ನಿತ್ಯದ ರೂಢಿಗಳ ಅಂತರ (ಕಲಬುರಗಿ ಜಿಲ್ಲೆ)

ಪರಿಸರ ಆದರ್ಶ ಮತ್ತು ನಿತ್ಯದ ರೂಢಿಗಳ ಅಂತರ ಎಂದರೆ, ಪರಿಸರವನ್ನು ಕಾಪಾಡಬೇಕೆಂದು ಒಪ್ಪಿಕೊಂಡಿರುವ ವ್ಯಕ್ತಿಯ ಅಥವಾ ಸಮುದಾಯದ ದಿನನಿತ್ಯದ ನಡವಳಿಕೆಯು ಆ ಒಪ್ಪಿಗೆಗೆ ಹೊಂದಿಕೊಳ್ಳದೆ ಇರುವ ಸ್ಥಿತಿ. ಸಮಾಜವಿಜ್ಞಾನದಲ್ಲಿ ಇದನ್ನು 'ಮೌಲ್ಯ–ಕ್ರಿಯೆ ಅಂತರ' ಅಥವಾ 'ಮನೋಭಾವ–ವರ್ತನೆ ಅಂತರ' ಎಂದು ಕರೆಯಲಾಗುತ್ತದೆ. ಕರ್ನಾಟಕದ ಈಶಾನ್ಯ ಭಾಗದಲ್ಲಿರುವ ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಮತ್ತು ಚಿಂಚೋಳಿ ಪ್ರದೇಶದಲ್ಲಿ ಸುಣ್ಣಕಲ್ಲಿನ ಗಣಿಗಾರಿಕೆ, ಸಿಮೆಂಟ್ ಉದ್ಯಮ, ತೊಗರಿ ಬೇಸಾಯ ಮತ್ತು ಒಣಭೂಮಿಯ ವನ್ಯಜೀವಿಧಾಮ ಅಕ್ಕಪಕ್ಕದಲ್ಲಿವೆ. ಆದ್ದರಿಂದ ಈ ಅಂತರದ ಸ್ವರೂಪವನ್ನು ತಿಳಿಯಲು ಇದೊಂದು ಉಪಯುಕ್ತ ಉದಾಹರಣೆಯಾಗಿದೆ. ಇಲ್ಲಿ ಅಂತರಕ್ಕೆ ಅರಿವಿನ ಕೊರತೆ ಒಂದು ಕಾರಣವಷ್ಟೆ. ಮನೆ, ಉರುವಲು, ಕುಡಿಯುವ ನೀರು ಮತ್ತು ದುಡಿಮೆ ಒದಗುವ ರೀತಿಯೇ ಬಹುಪಾಲು ರೂಢಿಗಳನ್ನು ನಿರ್ಧರಿಸುತ್ತದೆ.

ಪರಿಕಲ್ಪನೆಯ ಹಿನ್ನೆಲೆ

ಹೇಳುವುದಕ್ಕೂ ಮಾಡುವುದಕ್ಕೂ ಇರುವ ವ್ಯತ್ಯಾಸದ ಚರ್ಚೆ ಕನ್ನಡದ ಚಿಂತನೆಗೆ ಹೊಸದಲ್ಲ. 12ನೇ ಶತಮಾನದಲ್ಲಿ ಕಲ್ಯಾಣವನ್ನು (ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣ) ಕೇಂದ್ರವಾಗಿಸಿಕೊಂಡು ಬೆಳೆದ ಶರಣ ಚಳವಳಿಯಲ್ಲಿ ನಡೆ ಮತ್ತು ನುಡಿ ಒಂದಾಗಿರಬೇಕೆಂಬುದು ಮುಖ್ಯ ತತ್ವವಾಗಿತ್ತು. ಶರಣರು ನಡೆಯನ್ನು ಕಾಯಕದೊಂದಿಗೆ, ಅಂದರೆ ಪ್ರತಿದಿನದ ದುಡಿಮೆಯೊಂದಿಗೆ ಜೋಡಿಸಿದರು. 'ನಡೆ–ನುಡಿ' ಎಂಬ ಜೋಡಿಪದ ಇಂದಿಗೂ ಈ ಭಾಗದ ಆಡುಮಾತಿನಲ್ಲಿ ವ್ಯಕ್ತಿಯ ನಡತೆಯನ್ನು ಅಳೆಯುವ ಪದವಾಗಿ ಬಳಕೆಯಲ್ಲಿದೆ.

ಆಧುನಿಕ ಸಮಾಜವಿಜ್ಞಾನದಲ್ಲಿ ಈ ವಿಷಯದ ಆರಂಭಿಕ ಅಧ್ಯಯನವೆಂದು ಅಮೆರಿಕದ ಸಮಾಜಶಾಸ್ತ್ರಜ್ಞ ರಿಚರ್ಡ್ ಲಾಪಿಯರ್ 1934ರಲ್ಲಿ ಪ್ರಕಟಿಸಿದ ಲೇಖನವನ್ನು ಉಲ್ಲೇಖಿಸಲಾಗುತ್ತದೆ. ಚೀನೀ ದಂಪತಿಯೊಂದಿಗೆ ಅಮೆರಿಕದಲ್ಲಿ ಪ್ರವಾಸ ಮಾಡಿದ ಅವರು ಸುಮಾರು 250 ವಸತಿಗೃಹ ಮತ್ತು ಉಪಾಹಾರಗೃಹಗಳಿಗೆ ಭೇಟಿ ನೀಡಿದರು; ಒಂದೇ ಒಂದು ಕಡೆ ಪ್ರವೇಶ ನಿರಾಕರಿಸಲಾಯಿತು. ಆದರೆ ನಂತರ ಅವೇ ಸ್ಥಳಗಳಿಗೆ ಪತ್ರ ಬರೆದು ಕೇಳಿದಾಗ, ಉತ್ತರಿಸಿದವರಲ್ಲಿ ಹೆಚ್ಚಿನವರು ಚೀನೀಯರಿಗೆ ಅವಕಾಶ ಕೊಡುವುದಿಲ್ಲವೆಂದರು. ಜನರು ಹೇಳುವ ಮಾತಿನಿಂದ ಅವರ ವರ್ತನೆಯನ್ನು ಊಹಿಸಲಾಗದು ಎಂಬುದನ್ನು ಈ ಅಧ್ಯಯನ ತೋರಿಸಿತು. ಪರಿಸರದ ಸಂದರ್ಭದಲ್ಲಿ ಅಂತರವು ಇದಕ್ಕೆ ವಿರುದ್ಧ ದಿಕ್ಕಿನಲ್ಲಿರುತ್ತದೆ: ಮಾತು ಉದಾರವಾಗಿರುತ್ತದೆ, ನಡೆ ಹಿಂದುಳಿಯುತ್ತದೆ.

1999ರಲ್ಲಿ ಜೇಮ್ಸ್ ಬ್ಲೇಕ್ ಪರಿಸರ ನೀತಿಯಲ್ಲಿನ ಮೌಲ್ಯ–ಕ್ರಿಯೆ ಅಂತರದ ಬಗ್ಗೆ ಬರೆದು, ಕಾಳಜಿ ಮತ್ತು ಕ್ರಿಯೆಗಳ ನಡುವೆ ಮೂರು ಬಗೆಯ ತಡೆಗಳನ್ನು ಗುರುತಿಸಿದರು. ಮೊದಲನೆಯದು ವೈಯಕ್ತಿಕ ತಡೆ (ಆಸಕ್ತಿಯ ಕೊರತೆ, ಆಲಸ್ಯ), ಎರಡನೆಯದು ಹೊಣೆಗಾರಿಕೆಯ ತಡೆ (ನನ್ನೊಬ್ಬನಿಂದ ಏನಾಗುತ್ತದೆ, ಇದು ನನ್ನ ಕೆಲಸವಲ್ಲ ಎಂಬ ಭಾವನೆ), ಮೂರನೆಯದು ಪ್ರಾಯೋಗಿಕ ತಡೆ (ಸಮಯ, ಹಣ, ಸೌಲಭ್ಯಗಳ ಅಭಾವ). 2002ರಲ್ಲಿ ಆನ್ಯಾ ಕೋಲ್ಮಸ್ ಮತ್ತು ಜೂಲಿಯನ್ ಅಗ್ಯೆಮನ್, ಜ್ಞಾನ ಹೆಚ್ಚಿದರೆ ಮನೋಭಾವ ಬದಲಾಗುತ್ತದೆ, ಮನೋಭಾವ ಬದಲಾದರೆ ವರ್ತನೆ ಬದಲಾಗುತ್ತದೆ ಎಂಬ ಸರಳ ಮಾದರಿ ಸಾಲದೆಂದು ವಾದಿಸಿದರು. ವ್ಯಕ್ತಿಯ ಆಯ್ಕೆಯನ್ನೇ ಕೇಂದ್ರವಾಗಿಸಿಕೊಳ್ಳುವ ದೃಷ್ಟಿಯನ್ನು ಬ್ರಿಟನ್ನಿನ ಎಲಿಜಬೆತ್ ಶವ್ 2010ರಲ್ಲಿ ಟೀಕಿಸಿ, ಮನೆಗಳ ರಚನೆ, ಉಪಕರಣಗಳು ಮತ್ತು ಸಾಮಾಜಿಕ ರೂಢಿಗಳನ್ನು ಒಟ್ಟಾಗಿ ನೋಡಬೇಕೆಂದು ಪ್ರತಿಪಾದಿಸಿದರು.

ಭಾರತದ ಕಾನೂನು ಮತ್ತು ನೀತಿ

ಭಾರತದಲ್ಲಿ ಪರಿಸರ ಕಾಳಜಿಯನ್ನು ನಾಗರಿಕರ ಕರ್ತವ್ಯವೆಂದು ಸಂವಿಧಾನವೇ ಹೇಳುತ್ತದೆ. 1976ರ 42ನೇ ತಿದ್ದುಪಡಿಯ ಮೂಲಕ ಸೇರಿದ 51ಎ(ಜಿ) ವಿಧಿಯು ಅರಣ್ಯ, ಸರೋವರ, ನದಿ ಮತ್ತು ವನ್ಯಜೀವಿಗಳನ್ನು ಒಳಗೊಂಡ ನೈಸರ್ಗಿಕ ಪರಿಸರವನ್ನು ರಕ್ಷಿಸುವುದು ಪ್ರತಿಯೊಬ್ಬ ನಾಗರಿಕನ ಮೂಲಭೂತ ಕರ್ತವ್ಯವೆಂದು ಸಾರುತ್ತದೆ. ಎಂ. ಸಿ. ಮೆಹ್ತಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1991ರಲ್ಲಿ ಶಾಲೆ ಮತ್ತು ಕಾಲೇಜುಗಳಲ್ಲಿ ಪರಿಸರ ಶಿಕ್ಷಣವನ್ನು ಕಡ್ಡಾಯಗೊಳಿಸಲು ನಿರ್ದೇಶನ ನೀಡಿತು. ಶಾಲೆಗಳಲ್ಲಿ ಇಕೋ ಕ್ಲಬ್‌ಗಳೂ ರಚನೆಯಾದವು. ಹೀಗಾಗಿ ಇಂದಿನ ವಿದ್ಯಾರ್ಥಿ ಪೀಳಿಗೆಗೆ ಪರಿಸರದ ಪಾಠ ಅಪರಿಚಿತವಲ್ಲ.

ಕರ್ನಾಟಕ ಸರ್ಕಾರವು 2016ರ ಮಾರ್ಚ್‌ನಲ್ಲಿ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟ, ಚಮಚ, ಫ್ಲೆಕ್ಸ್ ಮೊದಲಾದವುಗಳ ತಯಾರಿಕೆ, ಮಾರಾಟ ಮತ್ತು ಬಳಕೆಯನ್ನು ನಿಷೇಧಿಸಿತು. ಆಯ್ದ ಏಕಬಳಕೆಯ ಪ್ಲಾಸ್ಟಿಕ್ ವಸ್ತುಗಳ ಮೇಲಿನ ರಾಷ್ಟ್ರೀಯ ನಿಷೇಧ 2022ರ ಜುಲೈ 1ರಂದು ಜಾರಿಗೆ ಬಂದಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರವು ವ್ಯಕ್ತಿಗಳ ಜೀವನಶೈಲಿಯನ್ನು ಗುರಿಯಾಗಿಸಿದ 'ಮಿಷನ್ ಲೈಫ್' ಅಭಿಯಾನವನ್ನು ಗುಜರಾತಿನ ಕೇವಡಿಯಾದಲ್ಲಿ ಆರಂಭಿಸಿತು.

ಸುಣ್ಣಕಲ್ಲಿನ ಪ್ರದೇಶ

ಸೇಡಂ, ಚಿತ್ತಾಪುರ, ಶಹಾಬಾದ ಮತ್ತು ಚಿಂಚೋಳಿ ತಾಲೂಕುಗಳ ನೆಲದಡಿಯಲ್ಲಿ ಭೂವಿಜ್ಞಾನಿಗಳು 'ಭೀಮಾ ಶಿಲಾಸಮೂಹ' ಎಂದು ಕರೆಯುವ ಪುರಾತನ ಸುಣ್ಣಕಲ್ಲಿನ ಪದರಗಳಿವೆ. ಇವು ಚಪ್ಪಟೆ ಹಲಗೆಗಳಂತೆ ಸುಲಭವಾಗಿ ಬಿಡಿಸಿಕೊಳ್ಳುತ್ತವೆ. ಈ ಹಾಸುಗಲ್ಲು ಶಹಾಬಾದ ಊರಿನ ಹೆಸರಿನಿಂದಲೇ 'ಶಹಾಬಾದ ಕಲ್ಲು' ಎಂದು ಪ್ರಸಿದ್ಧವಾಗಿದ್ದು, ಸ್ಥಳೀಯವಾಗಿ 'ಫರ್ಸಿ' ಎಂದೂ ಕರೆಯಲ್ಪಡುತ್ತದೆ. ಕರ್ನಾಟಕ, ಮಹಾರಾಷ್ಟ್ರ ಮತ್ತು ತೆಲಂಗಾಣದ ಅಸಂಖ್ಯಾತ ಮನೆ, ಶಾಲೆ ಮತ್ತು ರೈಲು ನಿಲ್ದಾಣಗಳ ನೆಲಹಾಸು ಇದೇ ಕಲ್ಲಿನದು.

ಹೈದರಾಬಾದ್ ಸಂಸ್ಥಾನದ ಕಾಲದಲ್ಲಿಯೇ ಶಹಾಬಾದದಲ್ಲಿ ಸಿಮೆಂಟ್ ತಯಾರಿಕೆ ಆರಂಭವಾಗಿತ್ತು. ಮುಂಬಯಿ–ಚೆನ್ನೈ ರೈಲುಮಾರ್ಗದಿಂದ ಹೈದರಾಬಾದ್ ಕಡೆಗೆ ಕವಲೊಡೆಯುವ ವಾಡಿ ಜಂಕ್ಷನ್ನಿನಲ್ಲಿ ಎಸಿಸಿ ಸಂಸ್ಥೆಯ ಕಾರ್ಖಾನೆ 1968ರಲ್ಲಿ ಸ್ಥಾಪನೆಯಾಯಿತು. 1980ರ ದಶಕದಲ್ಲಿ ಸೇಡಂನಲ್ಲಿ ವಾಸವದತ್ತಾ ಮತ್ತು ಮಳಖೇಡದಲ್ಲಿ ರಾಜಶ್ರೀ ಸಿಮೆಂಟ್ ಕಾರ್ಖಾನೆಗಳು ಬಂದವು. ನಂತರದ ದಶಕಗಳಲ್ಲಿ ಚಿತ್ತಾಪುರ ಮತ್ತು ಚಿಂಚೋಳಿ ತಾಲೂಕುಗಳಿಗೂ ಉದ್ಯಮ ವಿಸ್ತರಿಸಿತು. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವಾಗಿದ್ದ ಮಳಖೇಡವು ಕಾಗಿಣಾ ನದಿಯ ದಡದಲ್ಲಿದೆ. ಚಿಂಚೋಳಿ, ಸೇಡಂ ಮತ್ತು ಚಿತ್ತಾಪುರ ತಾಲೂಕುಗಳಲ್ಲಿ ಹರಿಯುವ ಈ ನದಿ ಶಹಾಬಾದದ ಬಳಿ ಭೀಮಾ ನದಿಯನ್ನು ಸೇರುತ್ತದೆ. ನದಿಯ ಇಕ್ಕೆಲಗಳ ಕಪ್ಪುಮಣ್ಣಿನಲ್ಲಿ ಬೆಳೆಯುವ 'ಕಲಬುರಗಿ ತೊಗರಿ ಬೇಳೆ'ಗೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರಕಿತು.

ಸಿಮೆಂಟ್ ತಯಾರಿಕೆಯಲ್ಲಿ ಸುಣ್ಣಕಲ್ಲನ್ನು ಜೇಡಿ ಮೊದಲಾದವುಗಳೊಂದಿಗೆ ಸುಮಾರು 1,450 ಡಿಗ್ರಿ ಸೆಲ್ಸಿಯಸ್ ತಾಪದಲ್ಲಿ ಸುಟ್ಟು ಕ್ಲಿಂಕರ್ ಪಡೆಯಲಾಗುತ್ತದೆ. ಶುದ್ಧ ಸುಣ್ಣಕಲ್ಲು 100 ಕಿಲೋ ಸುಟ್ಟರೆ 56 ಕಿಲೋ ಸುಣ್ಣ ಉಳಿದು 44 ಕಿಲೋ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಈ ಹೊರಸೂಸುವಿಕೆ ಕಲ್ಲಿನಿಂದಲೇ ಬರುವುದರಿಂದ, ಕುಲುಮೆಯ ಇಂಧನವನ್ನು ಬದಲಿಸಿದರೂ ಇದು ನಿಲ್ಲುವುದಿಲ್ಲ. ಜಗತ್ತಿನ ಒಟ್ಟು ಇಂಗಾಲದ ಡೈಆಕ್ಸೈಡ್ ಹೊರಸೂಸುವಿಕೆಯಲ್ಲಿ ಸಿಮೆಂಟಿನ ಪಾಲು ಸುಮಾರು ಶೇ. 7ರಿಂದ 8 ಎಂದು ಅಂದಾಜಿಸಲಾಗಿದೆ. ಈ ಲೆಕ್ಕ ಒಂದೆಡೆಯಾದರೆ, ಕಾರ್ಖಾನೆಯ ನೌಕರಿ, ಲಾರಿ ಸಾಗಣೆ, ಕಲ್ಲುಗಣಿಯ ಕೂಲಿ ಮತ್ತು ಪಾಲಿಶ್ ಘಟಕಗಳು ಈ ಪಟ್ಟಣಗಳ ಸಾವಿರಾರು ಕುಟುಂಬಗಳ ಅನ್ನದ ಮೂಲವಾಗಿರುವುದು ಇನ್ನೊಂದೆಡೆ.

ನಿತ್ಯಜೀವನದಲ್ಲಿ ಅಂತರ

ಮನೆ ಮತ್ತು ಬೇಸಿಗೆ

ಕಲಬುರಗಿ ಜಿಲ್ಲೆಯಲ್ಲಿ ಬೇಸಿಗೆಯ ತಾಪಮಾನ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ. ಈ ಭಾಗದ ಹಳೆಯ ಮನೆಗಳಿಗೆ ದಪ್ಪನೆಯ ಕಲ್ಲಿನ ಗೋಡೆ ಮತ್ತು ಮಣ್ಣಿನ ಮಾಳಿಗೆ ಇರುತ್ತಿದ್ದವು. ಕಲ್ಲು ಮತ್ತು ಮಣ್ಣು ಹಗಲಿನ ಬಿಸಿಯನ್ನು ನಿಧಾನವಾಗಿ ಹೀರುವುದರಿಂದ ಒಳಗೆ ತಂಪಿರುತ್ತಿತ್ತು. ಆದರೆ ಮಣ್ಣಿನ ಮಾಳಿಗೆಗೆ ಪ್ರತಿ ಮಳೆಗಾಲಕ್ಕೆ ಮೊದಲು ಹೊಸ ಮಣ್ಣು ಹಾಕಿ ಸರಿಪಡಿಸಬೇಕು. ಮಳೆ ಜೋರಾದರೆ ಸೋರುತ್ತದೆ, ಹಳೆಯದಾದರೆ ಕುಸಿಯುವ ಅಪಾಯವೂ ಇದೆ. ಹೀಗಾಗಿ ಕೈಯಲ್ಲಿ ಹಣ ಬಂದ ಕುಟುಂಬ ಆರ್‌ಸಿಸಿ ಛಾವಣಿಯ ಮನೆ ಕಟ್ಟುವುದನ್ನು ಬಯಸುತ್ತದೆ. ಸರ್ಕಾರದ ವಸತಿ ಯೋಜನೆಗಳಲ್ಲಿಯೂ 'ಪಕ್ಕಾ ಮನೆ'ಯೇ ಗುರಿ.

ತೆಳುವಾದ ಕಾಂಕ್ರೀಟ್ ಛಾವಣಿ ಹಗಲಿಡೀ ಕಾದು ರಾತ್ರಿಯೂ ಮನೆಯೊಳಗೆ ಬಿಸಿ ಬಿಡುತ್ತದೆ. ಅದನ್ನು ತಣಿಸಲು ಕೂಲರ್ ಬರುತ್ತದೆ. ಕೂಲರಿಗೆ ವಿದ್ಯುತ್ತಿನ ಜೊತೆಗೆ ದಿನವೂ ನೀರು ಬೇಕು, ಅದೂ ನೀರಿನ ಕೊರತೆಯ ತಿಂಗಳುಗಳಲ್ಲಿ. ಹವಾಮಾನ ಬದಲಾವಣೆಯ ಬಗ್ಗೆ ಚಿಂತಿಸುವ ಮನೆಯೇ ಬಿಸಿಯನ್ನು ಹೆಚ್ಚಿಸುವ ಸಾಮಗ್ರಿಗಳ ಮೇಲೆ ಅವಲಂಬಿತವಾಗುವ ಈ ಸರಪಳಿಯಲ್ಲಿ ಪ್ರತಿಯೊಂದು ಹೆಜ್ಜೆಯೂ ತನ್ನಷ್ಟಕ್ಕೆ ಸಮಂಜಸವಾಗಿಯೇ ಇರುತ್ತದೆ.

ಅಡುಗೆಯ ಇಂಧನ

ಬಡ ಕುಟುಂಬಗಳ ಮಹಿಳೆಯರಿಗೆ ಅಡುಗೆ ಅನಿಲ ಸಂಪರ್ಕ ನೀಡುವ ಪ್ರಧಾನಮಂತ್ರಿ ಉಜ್ವಲಾ ಯೋಜನೆ 2016ರ ಮೇ 1ರಂದು ಆರಂಭವಾಯಿತು. ಕಟ್ಟಿಗೆಯ ಹೊಗೆ ಕಣ್ಣು ಮತ್ತು ಶ್ವಾಸಕೋಶಗಳಿಗೆ ಹಾನಿಕರವೆಂಬುದು ಗ್ರಾಮೀಣ ಮಹಿಳೆಯರಿಗೆ ಅನುಭವದಿಂದಲೇ ತಿಳಿದಿರುವ ಸಂಗತಿ. ಆದರೂ ಅನಿಲ ಬಂದ ಮೇಲೆ ಒಲೆ ಆರುವುದಿಲ್ಲ. ಎರಡನ್ನೂ ಬಳಸುವ ರೂಢಿ ಭಾರತದ ಗ್ರಾಮೀಣ ಪ್ರದೇಶಗಳಲ್ಲಿ ವ್ಯಾಪಕವಾಗಿದೆ. ತೊಗರಿ ಬೆಳೆಯುವ ಊರುಗಳಲ್ಲಿ ಇದಕ್ಕೆ ವಿಶೇಷ ಕಾರಣವಿದೆ. ರಾಶಿಯ ನಂತರ ಉಳಿಯುವ ತೊಗರಿಯ ಒಣ ಕಡ್ಡಿ ಖರ್ಚಿಲ್ಲದೆ ಸಿಗುವ ಒಳ್ಳೆಯ ಉರುವಲು. ಸಿಲಿಂಡರಿಗಾದರೆ ಒಮ್ಮೆಗೇ ನಗದು ಹಣ ಹೊಂದಿಸಬೇಕು. ಜೋಳದ ರೊಟ್ಟಿಯನ್ನು ಹೆಂಚಿನ ಮೇಲೆ ಬೇಯಿಸಿ ಕೆಂಡದ ಎದುರು ಉಬ್ಬಿಸುವ ಪದ್ಧತಿಗೆ ಕಟ್ಟಿಗೆಯ ಒಲೆ ಹೊಂದುತ್ತದೆ. ದಿನಕ್ಕೆ ಹತ್ತಾರು ರೊಟ್ಟಿ ಬಡಿಯುವ ಮನೆಯಲ್ಲಿ ಚಹಾ ಮತ್ತು ಪಲ್ಯಕ್ಕೆ ಅನಿಲ, ರೊಟ್ಟಿಗೆ ಕಟ್ಟಿಗೆ ಎಂಬ ವಿಭಜನೆ ಕಂಡುಬರುತ್ತದೆ. ಇದರಲ್ಲಿ ರುಚಿ, ಖರ್ಚು ಮತ್ತು ಅಭ್ಯಾಸ ಬೆರೆತಿವೆ. ಹೊಗೆಯ ಭಾರವನ್ನು ಮಾತ್ರ ಅಡುಗೆ ಮಾಡುವ ಮಹಿಳೆಯೇ ಹೊರುತ್ತಾಳೆ.

ಕುಡಿಯುವ ನೀರು

ಸುಣ್ಣಕಲ್ಲಿನ ನೆಲದ ಅಂತರ್ಜಲದಲ್ಲಿ ಕ್ಯಾಲ್ಸಿಯಂ ಲವಣಗಳು ಹೆಚ್ಚಾಗಿ ಕರಗಿರುವುದರಿಂದ ಅದು ಗಡಸು ನೀರಾಗಿರುತ್ತದೆ. ಬೇಳೆ ಬೇಗ ಬೇಯುವುದಿಲ್ಲ, ಪಾತ್ರೆಗಳ ಒಳಗೆ ಬಿಳಿ ಪೊರೆ ಕಟ್ಟುತ್ತದೆ. ಆದ್ದರಿಂದ ಶುದ್ಧ ಕುಡಿಯುವ ನೀರಿನ ಘಟಕಗಳಿಂದ ಕ್ಯಾನುಗಳಲ್ಲಿ ನೀರು ತರುವುದು, ಅನುಕೂಲಸ್ಥರು ಮನೆಯಲ್ಲಿಯೇ ಆರ್‌ಓ ಯಂತ್ರ ಅಳವಡಿಸುವುದು ರೂಢಿಯಾಗಿದೆ. ಆರ್‌ಓ ವಿಧಾನದಲ್ಲಿ ನೀರಿನ ಒಂದು ಭಾಗ ಮಾತ್ರ ಶುದ್ಧವಾಗಿ ಹೊರಬಂದು, ಲವಣ ತುಂಬಿದ ಉಳಿದ ಭಾಗ ತಿರಸ್ಕೃತವಾಗುತ್ತದೆ. ಮನೆಬಳಕೆಯ ಯಂತ್ರಗಳಲ್ಲಿ ಹೀಗೆ ಹೊರಹೋಗುವ ಪ್ರಮಾಣ ಶುದ್ಧ ನೀರಿಗಿಂತ ಹೆಚ್ಚಿರುವುದೇ ಸಾಮಾನ್ಯ. ಅದನ್ನು ಹಿಡಿದಿಟ್ಟು ನೆಲ ಒರೆಸಲು ಅಥವಾ ಪಾತ್ರೆ ತೊಳೆಯಲು ಬಳಸಬಹುದು. ಕೊಳವೆಯನ್ನು ಚರಂಡಿಗೆ ಜೋಡಿಸಿದ ಮನೆಯಲ್ಲಿ ಅದು ಹಾಗೆಯೇ ಹರಿದುಹೋಗುತ್ತದೆ.

ಹಬ್ಬ ಮತ್ತು ಪ್ಲಾಸ್ಟಿಕ್

ಎಳ್ಳ ಅಮಾವಾಸ್ಯೆ ಈ ಭಾಗದ ರೈತರ ದೊಡ್ಡ ಹಬ್ಬ. ಅಂದು ಕುಟುಂಬದವರೆಲ್ಲ ಹೊಲಕ್ಕೆ ಹೋಗಿ ಭೂಮಿತಾಯಿಯನ್ನು ಪೂಜಿಸಿ, ನಿಂತ ಬೆಳೆಯ ಮಧ್ಯೆ ಚರಗ ಚೆಲ್ಲಿ, ಸಜ್ಜೆಯ ರೊಟ್ಟಿ, ಕಡುಬು, ಭಜ್ಜಿ, ಹೋಳಿಗೆಗಳ ಊಟ ಮಾಡುತ್ತಾರೆ. ನೆಲಕ್ಕೆ ಕೃತಜ್ಞತೆ ಸಲ್ಲಿಸುವುದೇ ಈ ಆಚರಣೆಯ ಅರ್ಥ. ಹಿಂದೆ ಇಂತಹ ಊಟಗಳಿಗೆ ಮುತ್ತುಗದ ಎಲೆಯ ಪತ್ರಾವಳಿ ಬಳಸಲಾಗುತ್ತಿತ್ತು. ಊಟದ ನಂತರ ಅದು ದನಗಳ ಪಾಲಾಗುತ್ತಿತ್ತು ಅಥವಾ ಮಣ್ಣಿಗೆ ಸೇರುತ್ತಿತ್ತು. ಪ್ಲಾಸ್ಟಿಕ್ ಲೇಪಿತ ಕಾಗದದ ತಟ್ಟೆ, ಲೋಟ ಮತ್ತು ನೀರಿನ ಪಾಕೀಟುಗಳು ಬಂದ ಮೇಲೆ ಹಬ್ಬದ ಮರುದಿನ ಅವು ಪೂಜಿಸಿದ ಹೊಲದಲ್ಲಿಯೇ ಉಳಿಯುತ್ತವೆ. ಮದುವೆ, ಜಾತ್ರೆ ಮತ್ತು ದಾಸೋಹಗಳಲ್ಲಿಯೂ ಇದೇ ಬದಲಾವಣೆ ಆಗಿದೆ. ಪತ್ರಾವಳಿ ಹಚ್ಚುವುದು ಕಾಡಿನಂಚಿನ ಕುಟುಂಬಗಳ ಉಪಕಸುಬಾಗಿತ್ತು. ಅಗ್ಗದ ತಟ್ಟೆಯ ಎದುರು ಆ ಕಸುಬಿಗೂ ಪೆಟ್ಟು ಬಿದ್ದಿತು.

ಕಾಡು ಮತ್ತು ಕಾಡಿನಂಚಿನ ಊರುಗಳು

ಚಿಂಚೋಳಿ ತಾಲೂಕಿನ ಕುಂಚಾವರಂ ಅರಣ್ಯ ಪ್ರದೇಶದ 134.88 ಚದರ ಕಿಲೋಮೀಟರ್ ವ್ಯಾಪ್ತಿಯನ್ನು 2011ರಲ್ಲಿ ಚಿಂಚೋಳಿ ವನ್ಯಜೀವಿಧಾಮವೆಂದು ಘೋಷಿಸಲಾಯಿತು. ಇದನ್ನು ದಕ್ಷಿಣ ಭಾರತದ ಮೊದಲ ಒಣಭೂಮಿ ವನ್ಯಜೀವಿಧಾಮವೆಂದು ಗುರುತಿಸಲಾಗುತ್ತದೆ. ತೋಳ, ಕತ್ತೆಕಿರುಬ, ನರಿ ಮತ್ತು ಹಲವು ಬಗೆಯ ಪಕ್ಷಿಗಳ ನೆಲೆಯಾಗಿರುವ ಈ ಕಾಡಿನಲ್ಲಿ ಚಂದ್ರಂಪಳ್ಳಿ ಜಲಾಶಯವಿದೆ. ಬಿಸಿಲ ನಾಡೆಂದು ಹೆಸರಾದ ಜಿಲ್ಲೆಯಲ್ಲಿ ಹಸಿರು ಉಳಿದಿರುವ ಈ ತಾಣ ಜನರ ಹೆಮ್ಮೆಯ ವಿಷಯ. ರಜೆಯ ದಿನಗಳಲ್ಲಿ ಸುತ್ತಲಿನ ಪಟ್ಟಣಗಳಿಂದ ಪ್ರವಾಸಿಗರು ಬರುತ್ತಾರೆ.

ಕಾಡಿನ ಒಳಗೂ ಅಂಚಿನಲ್ಲಿಯೂ ಲಂಬಾಣಿ ತಾಂಡಾಗಳಿವೆ. ಅಲ್ಲಿನ ಅನೇಕ ಕುಟುಂಬಗಳು ಮಳೆಯಾಶ್ರಿತ ಬೇಸಾಯದ ನಂತರ ಕೂಲಿಗಾಗಿ ಹೈದರಾಬಾದ್, ಮುಂಬಯಿ, ಪುಣೆಗಳಿಗೆ ವಲಸೆ ಹೋಗುತ್ತವೆ. ಉರುವಲು, ಮೇವು ಮತ್ತು ಎಲೆಗಳಿಗಾಗಿ ಕಾಡನ್ನು ಅವಲಂಬಿಸಿರುವ ಇವರ ರೂಢಿ ಸಂರಕ್ಷಣೆಯ ನಿಯಮಗಳೊಂದಿಗೆ ಘರ್ಷಿಸಬಹುದು. ಪ್ರವಾಸಿಗನು ಬಿಟ್ಟುಹೋಗುವ ನೀರಿನ ಬಾಟಲಿಯೂ ತಾಂಡಾದ ಕಟ್ಟಿಗೆಯ ಹೊರೆಯೂ ಕಾಡಿನ ಮೇಲಿನ ಒತ್ತಡಗಳೇ. ಆದರೆ ಮೊದಲನೆಯದನ್ನು ತಪ್ಪಿಸಲು ಬಾಟಲಿಯನ್ನು ಮರಳಿ ಒಯ್ದರೆ ಸಾಕು. ಎರಡನೆಯದಕ್ಕೆ ಬೇರೆ ಉರುವಲು ಅಥವಾ ಬೇರೆ ಆದಾಯ ಬೇಕು. ಎರಡನ್ನೂ ಒಂದೇ 'ಅರಿವಿನ ಕೊರತೆ' ಎಂದು ವರ್ಗೀಕರಿಸಿದರೆ ಈ ವ್ಯತ್ಯಾಸ ಮರೆಯಾಗುತ್ತದೆ.

ಕಾರಣಗಳ ವಿಶ್ಲೇಷಣೆ

ಬ್ಲೇಕ್ ಗುರುತಿಸಿದ ಮೂರು ತಡೆಗಳೂ ಈ ಪ್ರದೇಶದಲ್ಲಿ ಕಾಣುತ್ತವೆ. ಕೈಚೀಲ ಮರೆತು ಸಂತೆಗೆ ಹೋಗುವುದು, ಹೊಲದಲ್ಲಿ ತಟ್ಟೆ ಬಿಟ್ಟು ಬರುವುದು ವೈಯಕ್ತಿಕ ತಡೆಗೆ ಉದಾಹರಣೆ. ಹೊಣೆಗಾರಿಕೆಯ ತಡೆ ಕಾರ್ಖಾನೆಗಳ ನೆರೆಯಲ್ಲಿ ವಿಶೇಷವಾಗಿ ಬಲವಾಗಿರುತ್ತದೆ. ಕಣ್ಣೆದುರು ದೊಡ್ಡ ಚಿಮಣಿ ಮತ್ತು ಗಣಿ ಇರುವಾಗ ಒಂದು ಪ್ಲಾಸ್ಟಿಕ್ ಚೀಲ ಬಿಡುವುದರಿಂದ ಏನು ವ್ಯತ್ಯಾಸ ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. ಅದೇ ಕಾರ್ಖಾನೆ ಮನೆಯ ಸಂಬಳದ ಮೂಲವೂ ಆಗಿದ್ದರೆ ಧೂಳಿನ ಬಗ್ಗೆ ದೂರುವುದೂ ಕಷ್ಟವಾಗುತ್ತದೆ. ಉರುವಲು, ನೀರು ಮತ್ತು ಛಾವಣಿಯ ವಿಷಯಗಳು ಮುಖ್ಯವಾಗಿ ಪ್ರಾಯೋಗಿಕ ತಡೆಯ ವರ್ಗಕ್ಕೆ ಸೇರುತ್ತವೆ.

ಇದರೊಂದಿಗೆ ಕಾಲದ ಅಂತರವೂ ಇದೆ. ರೂಢಿಯ ಲಾಭ ಇಂದೇ ಸಿಗುತ್ತದೆ; ಹಾನಿ ನಿಧಾನವಾಗಿ, ಹಲವರಲ್ಲಿ ಹಂಚಿಹೋಗಿ ಬರುತ್ತದೆ. ತೋಡಿ ಕೈಬಿಟ್ಟ ಕಲ್ಲುಗಣಿಯ ಗುಂಡಿ ಕಲ್ಲು ಮಾರಾಟವಾಗಿ ದಶಕಗಳ ನಂತರವೂ ಊರಿನ ಪಕ್ಕದಲ್ಲಿ ಉಳಿಯುತ್ತದೆ.

ಅಂತರವನ್ನು ಕಡಿಮೆ ಮಾಡುವ ಮಾರ್ಗಗಳು

ಉಪದೇಶಕ್ಕಿಂತ ಅನುಕೂಲವನ್ನು ಬದಲಿಸುವ ಕ್ರಮಗಳು ರೂಢಿಯನ್ನು ಬೇಗ ಬದಲಿಸುತ್ತವೆ ಎಂಬುದು ಈ ಕ್ಷೇತ್ರದ ಹಲವು ಅಧ್ಯಯನಗಳ ಒಟ್ಟು ಅಭಿಪ್ರಾಯ. ಕರ್ನಾಟಕದಲ್ಲಿ 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆ ಪರಿಸರದ ಉದ್ದೇಶದಿಂದ ರೂಪುಗೊಂಡದ್ದಲ್ಲ. ಆದರೂ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಮಹಿಳೆಯರ ಪ್ರಯಾಣ ಉಚಿತವಾದ ಮೇಲೆ ಸಾರ್ವಜನಿಕ ಸಾರಿಗೆಯನ್ನು ಬಳಸುವ ಮಹಿಳೆಯರ ಸಂಖ್ಯೆ ರಾಜ್ಯದಾದ್ಯಂತ ಹೆಚ್ಚಿತು.

ಸಮಾರಂಭಗಳಿಗೆ ಉಕ್ಕಿನ ತಟ್ಟೆ, ಲೋಟಗಳನ್ನು ಎರವಲು ನೀಡುವ 'ಪ್ಲೇಟ್ ಬ್ಯಾಂಕ್' ವ್ಯವಸ್ಥೆಯನ್ನು ಬೆಂಗಳೂರಿನ ಅದಮ್ಯ ಚೇತನ ಸಂಸ್ಥೆ ನಡೆಸುತ್ತಿದೆ. ಮಠ, ದೇವಸ್ಥಾನ ಮತ್ತು ಮಹಿಳಾ ಸ್ವಸಹಾಯ ಸಂಘಗಳಿರುವ ಯಾವುದೇ ಊರಿನಲ್ಲಿ ಇಂತಹ ವ್ಯವಸ್ಥೆ ಸಾಧ್ಯ. ಛಾವಣಿಗೆ ಸುಣ್ಣ ಅಥವಾ ಬಿಳಿ ಬಣ್ಣ ಬಳಿಯುವುದು ಬಿಸಿಲನ್ನು ಪ್ರತಿಫಲಿಸಿ ಮನೆಯೊಳಗಿನ ತಾಪವನ್ನು ತಗ್ಗಿಸುವ ಕಡಿಮೆ ಖರ್ಚಿನ ವಿಧಾನ. ಸುಣ್ಣ ಈ ನೆಲದ ಕಲ್ಲಿನಿಂದಲೇ ಸಿಗುವ ವಸ್ತು. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಹಸಿ, ಒಣ ಮತ್ತು ಅಪಾಯಕಾರಿ ಕಸವನ್ನು ಮನೆಯಲ್ಲಿಯೇ ಬೇರ್ಪಡಿಸಬೇಕೆಂದು ವಿಧಿಸಿದವು. ಮರುಬಳಕೆಯಾಗದ ಪ್ಲಾಸ್ಟಿಕ್ಕನ್ನು ಸಿಮೆಂಟ್ ಕುಲುಮೆಗಳಲ್ಲಿ ಇಂಧನವಾಗಿ ಬಳಸಲು ದೇಶದ ನಿಯಮಗಳು ಅವಕಾಶ ನೀಡುತ್ತವೆ. ಆದರೆ ಕಸ ಬೆರೆತು ಬಂದರೆ ಅದು ಕುಲುಮೆಗೂ ಗೊಬ್ಬರಕ್ಕೂ ಸಲ್ಲದು. ಮನೆಯ ಎರಡು ಡಬ್ಬಗಳು ಮತ್ತು ಅವುಗಳನ್ನು ಬೇರೆಬೇರೆಯಾಗಿಯೇ ಒಯ್ಯುವ ಪುರಸಭೆಯ ವಾಹನ, ಇವೆರಡೂ ಇದ್ದಾಗ ಮಾತ್ರ ವಿಂಗಡಣೆಯ ರೂಢಿ ಉಳಿಯುತ್ತದೆ.

ಟೀಕೆಗಳು

ಮೌಲ್ಯ–ಕ್ರಿಯೆ ಅಂತರದ ಪರಿಕಲ್ಪನೆ ಪರಿಸರ ಹಾನಿಯ ಹೊಣೆಯನ್ನು ವ್ಯಕ್ತಿಗಳ ಮೇಲೆ ಹೊರಿಸಿ, ಉದ್ಯಮ ಮತ್ತು ಸರ್ಕಾರಗಳ ಪಾತ್ರವನ್ನು ಮಸುಕಾಗಿಸುತ್ತದೆ ಎಂಬ ಟೀಕೆಯಿದೆ. ವೈಯಕ್ತಿಕ 'ಇಂಗಾಲದ ಹೆಜ್ಜೆಗುರುತು' ಎಂಬ ಮಾತನ್ನು 2000ರ ದಶಕದಲ್ಲಿ ಜನಪ್ರಿಯಗೊಳಿಸಿದವರಲ್ಲಿ ಬಿಪಿ ಎಂಬ ತೈಲ ಕಂಪನಿಯೂ ಸೇರಿದೆ ಎಂಬುದನ್ನು ಟೀಕಾಕಾರರು ನೆನಪಿಸುತ್ತಾರೆ. ಸಿಮೆಂಟ್ ಪಟ್ಟಣದ ನಿವಾಸಿಯ ಚೀಲ, ತಟ್ಟೆಗಳನ್ನು ಮಾತ್ರ ಎಣಿಸಿ, ಆ ಪಟ್ಟಣದ ಕಲ್ಲಿನಿಂದ ಕಟ್ಟಿದ ದೂರದ ಮಹಾನಗರಗಳ ಬಳಕೆಯನ್ನು ಲೆಕ್ಕಿಸದಿರುವುದು ಅನ್ಯಾಯವೆಂಬುದು ಈ ವಾದದ ಮುಂದುವರಿಕೆ.

ಇದಕ್ಕೆ ಪ್ರತಿಯಾಗಿ, ವ್ಯವಸ್ಥೆಯ ಬದಲಾವಣೆಯನ್ನು ಕೇಳುವವರು ಸ್ವಂತ ರೂಢಿಯಲ್ಲಿ ಒಂದಿಷ್ಟಾದರೂ ಬದಲಾವಣೆ ತೋರಿದಾಗ ಅವರ ಬೇಡಿಕೆಗೆ ನೈತಿಕ ಬಲ ಬರುತ್ತದೆ ಎಂದು ಇತರರು ವಾದಿಸುತ್ತಾರೆ. ನಡೆ–ನುಡಿಗಳ ಕುರಿತ ಶರಣರ ಒತ್ತಾಯವೂ ಇದೇ ದಿಕ್ಕಿನದು. ಸೇಡಂ, ವಾಡಿ, ಶಹಾಬಾದಗಳ ಉದಾಹರಣೆಯಲ್ಲಿ ಈ ಎರಡೂ ವಾದಗಳು ಒಟ್ಟಿಗೆ ಅನ್ವಯವಾಗುತ್ತವೆ: ಹೊಲದಲ್ಲಿ ಉಳಿದ ತಟ್ಟೆಯನ್ನು ಎತ್ತುವುದು ಮನೆಯವರ ಕೈಯಲ್ಲಿದೆ, ಒಲೆಯ ಹೊಗೆ, ಗಡಸು ನೀರು ಮತ್ತು ಕಾಯುವ ಛಾವಣಿಗಳಿಗೆ ಮನೆಯಾಚೆಯ ಪರಿಹಾರಗಳೂ ಬೇಕು.

ಇವನ್ನೂ ನೋಡಿ

ಕಾಗಿಣಾ ನದಿ
ಚಿಂಚೋಳಿ ವನ್ಯಜೀವಿಧಾಮ
ಶಹಾಬಾದ ಕಲ್ಲು
ಎಳ್ಳ ಅಮಾವಾಸ್ಯೆ
ಕಲಬುರಗಿ ತೊಗರಿ ಬೇಳೆ